ಮೊಣಕೈಯಿಂದ ಬಾಗಿಲು ತೆರೆಯುವ ಶೇವಂತಾ ಮಾವಶಿ

ಶೇವಂತಾ ಮಾವಶಿ ಅಂಗೈಯಿಂದ ಬಾಗಿಲು ತೆರೆದದ್ದನ್ನು ಆ ದವಾಖಾನೆಯಲ್ಲಿ ಕಂಡವರು ಇರಲಿಲ್ಲ. ಬಾಗಿಲು ಎದುರಾದೊಡನೆ ಆಕೆಯ ಎರಡೂ ಕೈಗಳು ತಾವಾಗಿಯೇ ಎದೆಯ ಮಟ್ಟಕ್ಕೆ ಏರುತ್ತಿದ್ದವು; ಬೆರಳುಗಳು ಮೇಲ್ಮುಖವಾಗುತ್ತಿದ್ದವು; ದೇಹ ಅರ್ಧ ಸುತ್ತು ತಿರುಗಿ, ಎಡ ಮೊಣಕೈಯ ಒಂದು ಮೆತ್ತನೆಯ ನೂಕಿಗೆ ಕದ ಸರಿದು, ಆಕೆ ಬೆನ್ನು ಮುಂದಾಗಿ ಒಳಗೆ ಪ್ರವೇಶಿಸುತ್ತಿದ್ದಳು. ದೇವರಿಗೆ ಬೆನ್ನು ತೋರಬಾರದೆಂದು ಹಿಂದುಹಿಂದಕ್ಕೆ ನಡೆದು ಗುಡಿಯಿಂದ ಹೊರಬರುವವರನ್ನು ಎಲ್ಲರೂ ನೋಡಿದ್ದಾರೆ. ಹಿಂದುಹಿಂದಕ್ಕೆ ನಡೆದು ಒಳಗೆ ಹೋಗುವವಳು ಮಾತ್ರ ಈಕೆಯೊಬ್ಬಳೇ. ಹೊಸದಾಗಿ ಕೆಲಸಕ್ಕೆ ಸೇರಿದ ರೂಪಾಲಿ ಮೊದಲ ದಿನ ಇದನ್ನು ನೋಡಿ, ಮುದುಕಿಗೆ ಕೈ ನೋವಿರಬೇಕೆಂದು ಮರುಗಿ ತಾನೇ ಎದ್ದು ಹೋಗಿ ಬಾಗಿಲು ತೆರೆದು ಹಿಡಿದಳು. ಮಾವಶಿ ಆ ತೆರೆದ ಬಾಗಿಲಿನಲ್ಲೂ ಬೆನ್ನು ಮುಂದಾಗಿಯೇ ಒಳಗೆ ಬಂದಳು.

ಅಥಣಿಯಿಂದ ಸತ್ತಿಗೆ ಹೋಗುವ ದಾರಿಯಲ್ಲಿ, ದ್ರಾಕ್ಷಿ ತೋಟಗಳ ನಡುವೆ, ನಲವತ್ತು ಹಾಸಿಗೆಗಳ ಆ ಧರ್ಮಾರ್ಥ ದವಾಖಾನೆ ನಿಂತಿದೆ. ದವಾಖಾನೆಯಲ್ಲಿ ಕೆಲಸ ಮಾಡುವ ಹೆಂಗಸರನ್ನು ಆ ಗಡಿಸೀಮೆಯ ಜನ ಆಯಾ ಎನ್ನುವುದಿಲ್ಲ, ಮಾವಶಿ ಎನ್ನುತ್ತಾರೆ. ತಾಯಿಯ ತಂಗಿ ಎಂದರ್ಥ. ಶೇವಂತಾ ಅದೇ ತಾಲೂಕಿನ ಅನಂತಪುರದ ಬೌದ್ಧರ ಓಣಿಯವಳು. ಕನ್ನಡದವರೊಡನೆ ಕನ್ನಡ, ಮರಾಠಿಯವರೊಡನೆ ಮರಾಠಿ ಆಡುತ್ತಿದ್ದಳಾದರೂ ಎಣಿಸುವಾಗ ಮಾತ್ರ ಮರಾಠಿಯಲ್ಲೇ ಎಣಿಸುತ್ತಿದ್ದಳು: ಏಕ, ದೋನ, ತೀನ, ಚಾರ. ಎಣಿಕೆ ಮುಗಿದಾಗ, ತುಟಿಯನ್ನು ಒಮ್ಮೆ ಒತ್ತಿ, "ಬರೋಬ್ಬರಿ ಐತಿ" ಎನ್ನುತ್ತಿದ್ದಳು. ಆ ಒಂದು ಪದ ಬೀಳದ ಹೊರತು ಯಾವ ಕೆಲಸವೂ ಆಕೆಯ ಪಾಲಿಗೆ ಮುಗಿದ ಕೆಲಸವಾಗಿರಲಿಲ್ಲ. ಹಾಸಿಗೆಯ ದುಪ್ಪಟಿ, ಮಾತ್ರೆಯ ಪಟ್ಟಿ, ಅನಂತಪುರದ ಬಸ್ಸಿನಿಂದ ಇಳಿದ ತನ್ನ ಚೀಲಗಳು, ಎಲ್ಲವೂ ಎಣಿಸಲ್ಪಡಬೇಕು, ಎಲ್ಲವೂ ಬರೋಬ್ಬರಿ ಆಗಬೇಕು.

ಈ ನಡಿಗೆಯೂ ಈ ಎಣಿಕೆಯೂ ಆಕೆಗೆ ಆಪರೇಷನ್ ಖೋಲಿಯಿಂದ ಬಂದ ಸಂಸ್ಕಾರ. ಹದಿನಾರು ವರ್ಷ ಆಕೆ ಅಲ್ಲಿ ಕತ್ತರಿ ಚಿಮುಟಗಳನ್ನು ಕುದಿಸಿದಳು, ಬಟ್ಟೆಗಳನ್ನು ಉಗಿಯ ಡ್ರಮ್ಮಿಗೆ ತುಂಬಿದಳು, ತೊಳೆದ ಕೈಗಳನ್ನು ಏನಕ್ಕೂ ತಗುಲಿಸದೆ ಎತ್ತಿ ಹಿಡಿದು ಡಾಕ್ಟರರ ಪಕ್ಕದಲ್ಲಿ ನಿಂತಳು. ಎರಡು ಸಾವಿರದ ಮೂರರಲ್ಲಿ ನಡೆದ ಒಂದು ಪ್ರಸಂಗವನ್ನು ದವಾಖಾನೆಯ ಹಳಬರು ಇಂದಿಗೂ ಹೇಳುತ್ತಾರೆ. ಹೊರಗಿನಿಂದ ಬರುತ್ತಿದ್ದ ಸರ್ಜನ್ ಒಬ್ಬರು ಹೊಟ್ಟೆಯ ಶಸ್ತ್ರಚಿಕಿತ್ಸೆ ಮುಗಿಸಿ ಹೊಲಿಗೆಗೆ ದಾರ ಕೇಳಿದರು. ರಕ್ತ ಒರೆಸಲು ಕೊಟ್ಟಿದ್ದ ಆರು ಬಟ್ಟೆಗಳನ್ನು ಎಣಿಸುತ್ತಿದ್ದ ಶೇವಂತಾ, "ಒಂದು ಕಡಿಮಿ ಐತ್ರಿ" ಎಂದಳು.

"ಮಾವಶಿ, ನಿನಗ ಎಣಸಾಕ ಬರೂದಿಲ್ಲ. ದಾರ ಕೊಡು."

"ನನಗ ಬರೂದ ಅದೊಂದರಿ. ಬ್ಯಾರೆ ಏನ ಬರಂಗಿಲ್ಲ," ಎಂದ ಆಕೆ ದಾರದ ತಟ್ಟೆಯನ್ನು ಎದೆಗವಚಿಕೊಂಡು ಎರಡು ಹೆಜ್ಜೆ ಹಿಂದೆ ಸರಿದಳು.

ಸರ್ಜನ್ ಸಿಟ್ಟಿನಿಂದ ಮತ್ತೊಮ್ಮೆ ಕೈ ಹಾಕಿ ನೋಡಿದರು. ಆರನೆಯ ಬಟ್ಟೆ ಪಿತ್ತಕೋಶದ ಕೆಳಗೆ ಅಡಗಿ ಕುಳಿತಿತ್ತು. ಆ ದಿನ ಅವರೇ ಒಂದು ನಿಯಮ ಮಾಡಿದರು: ಒಂದು ಕಡಿಮೆ ಎಂದು ಯಾರೇ ಹೇಳಲಿ, ಮೊದಲು ಹುಡುಕಬೇಕು, ಬೈಯುವುದೇನಿದ್ದರೂ ಆಮೇಲೆ. ಹುಡುಕಿ ಸಿಕ್ಕಮೇಲೆ ಬೈಯುವ ನೆನಪು ಯಾರಿಗೂ ಉಳಿಯುತ್ತಿರಲಿಲ್ಲವಾದ್ದರಿಂದ, ಆ ಖೋಲಿಯಲ್ಲಿ ಬೈಗುಳವೇ ಕ್ರಮೇಣ ನಿಂತುಹೋಯಿತು.

ಕ್ರಿಮಿ ಕೊಲ್ಲುವ ಔಷಧಿಯ ನೀರಿನಲ್ಲಿ ಅದ್ದಿ ಅದ್ದಿ ಆಕೆಯ ಕೈಚರ್ಮ ಎರಡು ಸಾವಿರದ ಹನ್ನೊಂದರ ಹೊತ್ತಿಗೆ ಬಿರಿಯತೊಡಗಿತು. ಆಪರೇಷನ್ ಖೋಲಿ ಇನ್ನು ಬೇಡವೆಂದು ಡಾಕ್ಟರು ಹೇಳಿದಾಗ, ಆಡಳಿತದವರು ಆಕೆಯನ್ನು ಕಂಪ್ಯೂಟರ್ ಖೋಲಿಗೆ ಹಾಕಿದರು. ಕೆಲಸವೆಂದರೆ ಕಸ ಗುಡಿಸುವುದು, ಕೀಲಿ ಕಾಯುವುದು. ಆಪರೇಷನ್ ಖೋಲಿಯಿಂದ ಆಕೆ ತಂದುಕೊಂಡದ್ದು ಒಂದು ಹಸಿರು ಗೌನು, ಒಂದು ಹಳೆಯ ಸ್ಟೀಲ್ ಡ್ರಮ್ಮು, ಒಂದು ಅವರೆಬೀಜದಂತೆ ಬಾಗಿದ ಟ್ರೇ. ಸೀರೆಯ ಮೇಲೆ ಆ ಗೌನು ತೊಟ್ಟು, ಕಿಸೆಯಲ್ಲಿ ಕೀಲಿ ಇಟ್ಟುಕೊಂಡು, ಆಕೆ ಕಂಪ್ಯೂಟರುಗಳ ನಡುವೆ ಒಂದು ವಾರ ಸುಮ್ಮನೆ ಕುಳಿತು ನೋಡಿದಳು. ಕಂಡದ್ದು ಆಕೆಗೆ ಸರಿಬೀಳಲಿಲ್ಲ. ಪಾಸ್‌ವರ್ಡ್ ಎಂಬ ಗುಟ್ಟಿನ ಪದ ಗೋಡೆಯ ಕ್ಯಾಲೆಂಡರಿನ ಮೇಲೆ ದೊಡ್ಡಕ್ಷರದಲ್ಲಿ ಬರೆದಿತ್ತು. ಹಾಲು ಹಾಕುವವನಿಗೂ ಅದು ಬಾಯಿಪಾಠವಾಗಿತ್ತು. ಬಂದವರೆಲ್ಲ ತಂತಮ್ಮ ಪೆನ್ ಡ್ರೈವ್ ಚುಚ್ಚಿ ಲಗ್ನದ ಫೋಟೋ, ಭಜನೆಯ ಹಾಡು, ಮಗನ ಹಾಲ್ ಟಿಕೆಟ್ಟು ತೆಗೆಯುತ್ತಿದ್ದರು.

ತಿಂಗಳಿಗೊಮ್ಮೆ ನಿಪ್ಪಾಣಿಯಿಂದ ಮೋಟಾರ್ ಸೈಕಲ್ಲಿನಲ್ಲಿ ಬಂದು ಕಂಪ್ಯೂಟರ್ ನೋಡಿಹೋಗುವ ವಿಶ್ವಾಸನನ್ನು ಆಕೆ ಹಿಡಿದು ಕೂರಿಸಿ ಕೇಳಿದಳು.

"ತಮ್ಮಾ, ಇದರ ಹೊಟ್ಟ್ಯಾಗ ಏನೈತಿ?"

"ರೋಗಿಗಳ ಎಲ್ಲಾ ದಾಖಲಿ, ಮಾವಶಿ. ರಕ್ತದ ಗುಂಪು, ಹೆರಿಗಿ ತಾರೀಖು, ಯಾವ ಔಷಧ ಒಗ್ಗಂಗಿಲ್ಲ, ಎಲ್ಲಾ."

"ಮತ್ತ ಹೊಟ್ಟಿ ತೆರದ ಬಿಟ್ಟೀರಿ. ಯಾರ್ಯಾರೋ ಬಂದು ಕೈ ಹಾಕತಾರ."

ದವಾಖಾನೆಗೆ ಬರುತ್ತಿದ್ದ ಕಬ್ಬು ಕಡಿಯುವ ಗ್ಯಾಂಗುಗಳ ಹೆಂಗಸರು ಚೀಟಿಯನ್ನು ಎಂದೂ ಉಳಿಸಿಕೊಂಡವರಲ್ಲ. ಬಸುರಿ ಹೆಂಗಸಿನ ಹಿಂದಿನ ಹೆರಿಗೆಯ ಕಷ್ಟವೆಲ್ಲ ಬರೆದಿಟ್ಟದ್ದು ಆ ಪೆಟ್ಟಿಗೆಯಲ್ಲಿ ಮಾತ್ರ. ಇದನ್ನು ತಿಳಿದ ದಿನವೇ ಮಾವಶಿಯ ರಾಜ್ಯಭಾರ ಆರಂಭವಾಯಿತು. ಇಂಗ್ಲಿಷಿನ ಒಂದು ಅಕ್ಷರ ಬಾರದ ಆಕೆ ಆಪರೇಷನ್ ಖೋಲಿಯ ಶಾಸ್ತ್ರವನ್ನೇ ಇಡಿಯಾಗಿ ಎತ್ತಿ ತಂದು ಇಲ್ಲಿ ಪ್ರತಿಷ್ಠಾಪಿಸಿದಳು. ಚಪ್ಪಲಿ ಬಿಡುವಲ್ಲಿ ಆ ಬಾಗಿದ ಟ್ರೇ ಇಟ್ಟಳು. ಪೆನ್ ಡ್ರೈವು ಅದರಲ್ಲಿ ಉಳಿಯಬೇಕು, ಮನುಷ್ಯ ಮಾತ್ರ ಒಳಗೆ ಬರಬೇಕು. ಕೀವಿನ ರೋಗಿಗೆ ಬೇರೆ ಮೇಜಿರುವಂತೆ, ಯಾವ ತಂತಿಯ ನಂಟೂ ಇಲ್ಲದ ಒಂದು ಹಳೆಯ ಕಂಪ್ಯೂಟರನ್ನು ಮೂಲೆಗೆ ಹಾಕಿಸಿ ಅದಕ್ಕೆ 'ಸೆಪ್ಟಿಕ್' ಎಂದು ಹೆಸರಿಟ್ಟಳು. ಹೊರಗಿನದೇನಿದ್ದರೂ ಮೊದಲು ಅಲ್ಲಿ. ವಿಶ್ವಾಸ ತಂದುಕೊಟ್ಟ ಎರಡು ಕಪ್ಪು ಡಿಸ್ಕುಗಳಲ್ಲಿ ದಿನಬಿಟ್ಟು ದಿನ ಎಲ್ಲ ದಾಖಲೆಗಳ ಪ್ರತಿ ತೆಗೆಸಿ, ತಂತಿ ಕಿತ್ತು, ಬಿಳಿ ಬಟ್ಟೆಯಲ್ಲಿ ಸುತ್ತಿ, ತಾರೀಖಿನ ಚೀಟಿ ಅಂಟಿಸಿ, ಸ್ಟೀಲ್ ಡ್ರಮ್ಮಿನಲ್ಲಿ ಹಾಕಿ ಕೀಲಿ ಜಡಿಯುತ್ತಿದ್ದಳು. ಒಂದು ಹೊರಗೆ ಬಂದಾಗ ಇನ್ನೊಂದು ಒಳಗಿರಲೇಬೇಕು. ಕಟ್ಟುವ ಮುನ್ನ ಪ್ರತಿಯನ್ನು ತೆರೆಸಿ ಯಾವುದಾದರೂ ಐದು ರೋಗಿಗಳ ಹೆಸರನ್ನು ಓದಿಸಿ ಕೇಳುತ್ತಿದ್ದಳು. "ಉಗಿ ಹತ್ತೇತಿ ಅಂತ ನಂಬಿ ಡ್ರಮ್ಮು ಒಯ್ಯಬಾರದು. ತೆರದ ನೋಡಬೇಕು," ಎಂಬುದು ಆಕೆಯ ಸೂತ್ರ. ನಿಪ್ಪಾಣಿಯ ಹುಡುಗ ಪುಸ್ತಕದಲ್ಲಿ ಓದಿ ತಿಳಿದದ್ದನ್ನು ಈಕೆ ಕೈಯಲ್ಲಿ ತಿಳಿದಿದ್ದಳು. ಇಬ್ಬರಿಗೂ ಪರಸ್ಪರ ಗೌರವವಿತ್ತು. ಅವನು ಬಂದಾಗ ಆಕೆ ಅವನ ಕೈ ತೊಳೆಸದೆ ಕೀಬೋರ್ಡ್ ಮುಟ್ಟಗೊಡುತ್ತಿರಲಿಲ್ಲ, ಅದಕ್ಕೆ ಯಾವ ಶಾಸ್ತ್ರಾಧಾರವೂ ಇರಲಿಲ್ಲವೆಂದು ಗೊತ್ತಿದ್ದೂ ಅವನು ತೊಳೆಯುತ್ತಿದ್ದ.

ದವಾಖಾನೆಯ ಚೇರಮನ್ನರಾದ ಕಾಕಾಸಾಹೇಬರು ಈ ಶಾಸನಕ್ಕೆ ಒಳಗಾದ ಕಥೆ ಊರಿಗೆಲ್ಲ ಗೊತ್ತು. ನಲವತ್ತು ಎಕರೆ ಕಬ್ಬು, ಹತ್ತು ಎಕರೆ ದ್ರಾಕ್ಷಿಯ ಧಣಿ; ಇಸ್ತ್ರಿ ಮುರಿಯದ ಧೋತರ, ಎತ್ತರದ ದನಿ, ಒಳಗೆ ಬೆಣ್ಣೆ. ಮೊಮ್ಮಗ ಸಂಗ್ರಾಮನ ಲಗ್ನದ ಫೋಟೋಗಳ ಪೆನ್ ಡ್ರೈವ್ ಹಿಡಿದು, ಡಾಕ್ಟರು ನರ್ಸುಗಳಿಗೆಲ್ಲ ದೊಡ್ಡ ಪರದೆಯಲ್ಲಿ ತೋರಿಸುವ ಹುಮ್ಮಸ್ಸಿನಿಂದ ಬಂದರು. ಮಾವಶಿ ಟ್ರೇ ಮುಂದೆ ಹಿಡಿದಳು.

"ಏನಬೇ, ನನ್ನ ದವಾಖಾನ್ಯಾಗ ನನ್ನ ಮೊಮ್ಮಗನ ಲಗ್ನಾ ನೋಡಾಕ ನಿನ್ನ ಪರ್ಮಿಷನ್ ಬೇಕೇನು?"

"ಲಗ್ನಾ ನೋಡಾಕ ಬ್ಯಾಡ್ರಿ ಸಾಹೇಬ್ರ. ಆದ್ರ ಇದು ಯಾವ್ಯಾವ ಅಂಗಡಿ ತಿರಿಗಿ ಬಂದೈತೋ ನನಗ ಗೊತ್ತಿಲ್ಲ. ನಿಮ್ಮ ಧೋತರ ಬೆಳ್ಳಗೈತಿ ಅಂತ ಹಂಗ ಆಪರೇಷನ್ ಖೋಲಿಗೆ ಬಿಡತಿದ್ನೇನ್ರಿ?"

ಹತ್ತು ಜನರ ಎದುರು ಟ್ರೇಯೊಳಗೆ ಪೆನ್ ಡ್ರೈವ್ ಟಣ್ಣೆಂದು ಬಿತ್ತು. 'ಸೆಪ್ಟಿಕ್' ಯಂತ್ರದಲ್ಲಿ ಹಾಕಿ ತಪಾಸಿಸಿದಾಗ ಫೋಟೋಗಳ ನಡುವೆ ವೈರಸ್ ಎಂಬ ಹನ್ನೊಂದು ಕೇಡುಗಳು ಮಲಗಿದ್ದವು. ಕಾಕಾಸಾಹೇಬರು ಸ್ಟೂಲಿನ ಮೇಲೆ ಕುಳಿತು, ಕತ್ತು ಬಗ್ಗಿಸಿ, ಆ ಮುದಿ ಪರದೆಯಲ್ಲೇ ಲಗ್ನ ನೋಡಿದರು. "ಸೊಸಿ ಮಾರಿ ಹಸರ ಕಾಣತೈತಲ್ಲಬೇ" ಎಂದಷ್ಟೇ ಗೊಣಗಿದರು. ಆದರೆ ಅಂದಿನಿಂದ ಅವರು ಆಕೆಯನ್ನು ಮಾವಶಿ ಎನ್ನುವುದು ಬಿಟ್ಟು ಶೇವಂತಾಬಾಯಿ ಎನ್ನತೊಡಗಿದರು. ಅದು ಸಿಟ್ಟೋ ಮರ್ಯಾದೆಯೋ ಕೊನೆಯವರೆಗೂ ಯಾರಿಗೂ ಬಗೆಹರಿಯಲಿಲ್ಲ.

ರೂಪಾಲಿ ಸತ್ತಿಯ ಹುಡುಗಿ. ಬಿ.ಕಾಂ. ಮುಗಿಸಿ ಸ್ವಾಗತದ ಕಂಪ್ಯೂಟರಿನಲ್ಲಿ ಹೆಸರು ಬರೆಯುವ ಕೆಲಸಕ್ಕೆ ಬಂದಿದ್ದಳು. ಈ ಕೆಲಸ ಇರುವ ತನಕ ಲಗ್ನದ ಮಾತು ಎತ್ತುವುದಿಲ್ಲವೆಂದು ಅವಳ ಅಪ್ಪ ಒಪ್ಪಿದ್ದ. ಕೆಲಸ ಹೋದ ವಾರವೇ ನೋಡುವವರು ಬರುತ್ತಾರೆಂಬುದು ಅವಳಿಗೆ ತಿಳಿದಿತ್ತು. ಮಾವಶಿಯ ನಡಿಗೆಯನ್ನು ಅಣಕಿಸಿ ನರ್ಸುಗಳನ್ನು ನಗಿಸುವುದು ಅವಳ ಮಧ್ಯಾಹ್ನದ ವಿನೋದವಾಗಿತ್ತು.

ಎರಡು ಸಾವಿರದ ಹದಿನೇಳರ ಬುದ್ಧ ಪೌರ್ಣಿಮೆಯ ಮರುದಿನ, ಜನಸಂದಣಿ ಕರಗಿದ ಮಧ್ಯಾಹ್ನ, ರೂಪಾಲಿಗೆ ಒಂದು ಫೋನು ಬಂತು. ವಿಮೆಯ ಆಫೀಸಿನವನಂತೆ, ಬಡರೋಗಿಗಳ ಅರ್ಜಿಗಳು ತಡೆದು ನಿಂತಿವೆಯಂತೆ, ದೂರದಿಂದಲೇ ಸರಿಪಡಿಸಿಕೊಡುತ್ತಾನಂತೆ. ಒಂದು ಪ್ರೋಗ್ರಾಮು ಹಾಕಿಕೊಂಡು ಪರದೆಯ ಮೇಲೆ ಬರುವ ನಂಬರು ಹೇಳಿದರೆ ಸಾಕು. ರೂಪಾಲಿ ತಡವರಿಸಿದಳು. ಆಗ ಅವನು, ಮರಾಠಿ ಕನ್ನಡ ಬೆರೆತ ಸಿಹಿಯಾದ ದನಿಯಲ್ಲಿ, ಯಾವ ಊರವರು ತಾಯಿ ಎಂದು ಕೇಳಿದ.

"ಸತ್ತಿಯವರ್ರಿ."

"ಸತ್ತಿ? ನಮ್ಮ ಬೀಗರು ಪಾವಣೇರ ಎಲ್ಲಾ ಅಲ್ಲೇ ಅದಾರಲ್ಲ, ತಾಯಿ."

"ಹೌದ್ರಿ? ಯಾರ ಪೈಕಿ? ಹೊಳಿದಂಡಿ ತೋಟದವರೇನ್ರಿ?"

"ಅವರ, ಅವರ."

"ಹಂಗಾರ ವಿರುಪಾಕ್ಷಪ್ಪ ಕಾಕಾ ನಿಮಗ ಏನಾಗಬೇಕ್ರಿ?"

"ಮಾವ ಆಗಬೇಕು."

ಆ ನಾಡಿನಲ್ಲಿ ಅಪರಿಚಿತನನ್ನು 'ಯಾರ ಪೈಕಿ' ಎಂದು ಕೇಳದೆ ನೀರು ಕೊಡುವುದಿಲ್ಲ; ಕೇಳಿ ಉತ್ತರ ಸಿಕ್ಕಮೇಲೆ ಏನನ್ನೂ ಇಲ್ಲವೆನ್ನುವುದಿಲ್ಲ. ಫೋನಿನವನು ತಾನಾಗಿ ಒಂದು ಹೆಸರನ್ನೂ ಹೇಳಿರಲಿಲ್ಲ. ಊರನ್ನೂ ತೋಟವನ್ನೂ ಮಾವನನ್ನೂ ರೂಪಾಲಿಯೇ ಒಂದೊಂದಾಗಿ ಎತ್ತಿ ಅವನ ಉಡಿಗೆ ಹಾಕಿದ್ದಳು. ಕೊನೆಗೆ ನಂಬರನ್ನೂ ಹಾಕಿದಳು.

ಪರದೆಯ ಮೇಲೆ ಬಾಣ ತಾನಾಗಿ ಓಡಾಡತೊಡಗಿತು. ನೋಡನೋಡುತ್ತಿದ್ದಂತೆ ಕಡತಗಳ ಹೆಸರುಗಳು ಒಂದೊಂದಾಗಿ ಅರ್ಥವಿಲ್ಲದ ಅಕ್ಷರಗಳಾಗಿ ಮಾರ್ಪಟ್ಟವು. ಆ ಪಾವಣೇರನ ನಂಬರಿಗೆ ತಿರುಗಿ ಫೋನು ಹಚ್ಚಿದರೆ ಹತ್ತಲಿಲ್ಲ. ರೂಪಾಲಿ ಕಲ್ಲಿನಂತೆ ಕುಳಿತಳು. ಯಾರೂ ನೋಡಿಲ್ಲ, ಕರೆಂಟು ಹೋಗಿ ಕೆಟ್ಟಿತೆಂದು ಹೇಳಬಹುದು, ಸುಮ್ಮನೆ ಊಟಕ್ಕೆ ಎದ್ದು ಹೋಗಬಹುದು. ಅಪ್ಪನ ಮುಖ, ನೋಡಲು ಬರುವವರ ಚಪ್ಪಲಿಗಳು, ಎಲ್ಲವೂ ಕಣ್ಣ ಮುಂದೆ ಸುಳಿದವು. ಐದು ನಿಮಿಷ ಕಳೆದಿರಬಹುದು. ಮೆಟ್ಟಿಲ ಬಳಿ ಹಸಿರು ಗೌನು ಒಣಗಹಾಕುತ್ತಿದ್ದ ಮಾವಶಿ 'ಏಕ, ದೋನ' ಎಂದು ಬಟ್ಟೆಯ ಕ್ಲಿಪ್ಪುಗಳನ್ನು ಎಣಿಸುವುದು ಕೇಳಿಸಿತು. ಯಾಕೆಂದು ಅವಳಿಗೇ ತಿಳಿಯಲಿಲ್ಲ, ಎದ್ದು ಹೋಗಿ ನಿಂತಳು.

"ಮಾವಶಿ, ಒಂದು ಕಡಿಮಿ ಐತಿ."

ಮಾವಶಿ ಮುಖ ನೋಡಲಿಲ್ಲ, ಏನಾಯಿತು ಯಾರಿಂದಾಯಿತು ಎಂದು ಕೇಳಲಿಲ್ಲ. "ಎಲ್ಲಿ?" ಎಂದಳು.

"ನನ್ನ ಕಂಪ್ಯೂಟರಿನ್ಯಾಗ. ಹೊರಗಿನವ ಒಳಗ ಬಂದಾನ."

ಒದ್ದೆ ಗೌನು ನೆಲಕ್ಕೆ ಬಿತ್ತು. ಮಾವಶಿ ಓಡಿದ್ದು ಕೆಟ್ಟ ಕಂಪ್ಯೂಟರಿನ ಕಡೆಗಲ್ಲ. ಎಲ್ಲ ಕೋಣೆಗಳ ತಂತಿಗಳು ಕೂಡುವ, ಆಕೆಯ ಖೋಲಿಯ ಗೋಡೆಯಲ್ಲಿದ್ದ ಪೆಟ್ಟಿಗೆಯ ಕಡೆಗೆ. ಕದಕ್ಕೆ ಎರಡೂ ಅಂಗೈ ಕೊಟ್ಟು ನೂಕಿ, ಎದೆ ಮುಂದಾಗಿ ಒಳನುಗ್ಗಿದಳು. ಆ ಹೊತ್ತಿನ ಎಲ್ಲ ಭಯದ ನಡುವೆಯೂ ರೂಪಾಲಿಯ ಕಣ್ಣಿಗೆ ನಾಟಿದ್ದು ಆ ಎರಡು ಅಂಗೈಗಳು. ಪ್ರತಿ ತಂತಿಗೂ ಮಾವಶಿ ಹಿಂದೆಂದೋ ಒಂದೊಂದು ಬಣ್ಣದ ಬಟ್ಟೆಚೂರು ಕಟ್ಟಿಟ್ಟಿದ್ದಳು. ರಕ್ತ ಚಿಮ್ಮುವ ನಾಳಗಳಿಗೆ ಚಿಮುಟ ಹಾಕುವವಳಂತೆ ಒಂದೊಂದನ್ನೇ ಕಿತ್ತಳು: ಲ್ಯಾಬು, ಔಷಧಿ ಕೋಣೆ, ಹೆರಿಗೆ ಕೋಣೆ, ಸ್ವಾಗತ. "ಏಕ, ದೋನ, ತೀನ, ಚಾರ." ಆಮೇಲೆ ನೆಲದ ಮೇಲೆ ಕುಳಿತು, "ಈಗ ವಿಶ್ವಾಸಗ ಫೋನ್ ಹಚ್ಚ ಪೋರಿ. ಅಳೂದು ಆಮ್ಯಾಲೆ," ಎಂದಳು.

ವಿಶ್ವಾಸ ಸಂಜೆಯ ಹೊತ್ತಿಗೆ ಬಂದ. ಸ್ವಾಗತದ ಪರದೆಯ ಮೇಲೆ ಅಷ್ಟರಲ್ಲಿ ಕೆಂಪು ಬರಹವೊಂದು ಮೂಡಿತ್ತು. ದಾಖಲೆ ಬೇಕಾದರೆ ಹಣ ಕೊಡಿ ಎಂಬ ಬೆದರಿಕೆ. ಅವನು ಅದನ್ನು ಓದಿ, ತಂತಿಗಳನ್ನು ನೋಡಿ, ದೀರ್ಘವಾಗಿ ಉಸಿರು ಬಿಟ್ಟ. "ಇನ್ನ ಹತ್ತ ನಿಮಿಷ ಬಿಟ್ಟಿದ್ರ ನಾಲ್ಕೂ ಖೋಲಿ ಹೋಗ್ತಿತ್ತ ಮಾವಶಿ," ಎಂದ. ಡ್ರಮ್ಮಿನ ಕೀಲಿ ತೆರೆಯಿತು. ಬಿಳಿ ಬಟ್ಟೆ ಬಿಚ್ಚಿತು. ಹಿಂದಿನ ದಿನ ಹಬ್ಬಕ್ಕೆ ಊರಿಗೆ ಹೋಗಿದ್ದ ಮಾವಶಿಯ ಬದಲು ಆ ಪ್ರತಿ ತೆಗೆದು ಕಟ್ಟಿದವಳು ರೂಪಾಲಿಯೇ. ತೆರೆದು ನೋಡಿರಲಿಲ್ಲವೆಂಬುದು ಅವಳಿಗೆ ಈಗ ನೆನಪಾಯಿತು.

"ಮಾವಶಿ, ನಿನ್ನೆ ನಾನು ತೆರದ ನೋಡಿಲ್ಲ."

"ಗೊತ್ತೈತಿ. ಮುಂಜಾನೆ ನಾ ನೋಡೇನಿ. ಮಂದಿ ಕಟ್ಟಿದ ಡ್ರಮ್ಮು ನಾ ಹಂಗ ನಂಬಂಗಿಲ್ಲ. ಐದ ಹೆಸರ ಓದಿಸೀನಿ, ಬರೋಬ್ಬರಿ ಐತಿ."

ಎರಡು ದಿನದಲ್ಲಿ ಎಲ್ಲ ದಾಖಲೆಗಳೂ ಮರಳಿದವು. ಹೋದದ್ದು ಆ ಬೆಳಗಿನ ಹದಿಮೂರು ರೋಗಿಗಳ ವಿವರ ಮಾತ್ರ. ರೂಪಾಲಿ ಅವರನ್ನು ಒಬ್ಬೊಬ್ಬರಾಗಿ ಫೋನು ಮಾಡಿ ಕೇಳಿ ಬರೆದಳು.

ಮೂರನೆಯ ದಿನ ಕಾಕಾಸಾಹೇಬರು ಸಭೆ ಕರೆದರು. ವಿಶ್ವಾಸ ಎಲ್ಲವನ್ನೂ ವಿವರಿಸಿದ, ನಂಬರು ಹೇಳಿದವರ ಹೆಸರೊಂದನ್ನು ಬಿಟ್ಟು. ಕಾಕಾಸಾಹೇಬರಿಗೆ ಬೇಕಾದದ್ದು ಅದೇ ಹೆಸರು.

"ಯಾರು ಹೇಳಿದ್ರು? ಇವತ್ತ ಮನಿಗೆ ಕಳಸ್ತೇನಿ."

ಆಗ ಬಾಗಿಲು ಸರಿದು, ಹಸಿರು ಗೌನಿನ ಬೆನ್ನೊಂದು ಒಳಗೆ ಬಂತು. ಮಾವಶಿ ತಿರುಗಿ ನಿಂತಳು.

"ಸಾಹೇಬ್ರ, ಆಪರೇಷನ್ ಪುಸ್ತಕದಾಗ ಎಣಿಕಿ ಬರೋಬ್ಬರಿ ಅಂತ ಬರೀತೇವ್ರಿ. ಬಟ್ಟಿ ಯಾರ ಕೈಯಿಂದ ಒಳಗ ಉಳದಿತ್ತು ಅಂತ ಬರ್ಯಾಕ ಅದರಾಗ ಜಾಗಾನ ಇಲ್ರಿ."

"ಇದು ಆಪರೇಷನ್ ಅಲ್ಲ, ಶೇವಂತಾಬಾಯಿ."

"ಅಲ್ಲರಿ. ಆದ್ರ ಕಡಿಮಿ ಐತಿ ಅಂತ ಹೇಳಿದವರನ್ನ ಇವತ್ತ ಮನಿಗೆ ಕಳಿಸಿದ್ರ, ಮುಂದಿನ ಸಲ ಯಾರೂ ಹೇಳಂಗಿಲ್ಲ. ಸುಮ್ಮನ ಹೊಲದ ಬಿಡತಾರ. ಬಟ್ಟಿ ಒಳಗ ಉಳೀತೈತಿ."

ಇನ್ನು ಕೂತಿರುವುದು ರೂಪಾಲಿಗೆ ಸಾಧ್ಯವಾಗಲಿಲ್ಲ. ಎದ್ದು ನಿಂತಳು. "ನಾನ ರೀ ಹೇಳಿದ್ದು," ಎಂದಳು.

ಕಾಕಾಸಾಹೇಬರು ಅವಳತ್ತ ತಿರುಗಿ, ಹುಬ್ಬು ಗಂಟಿಕ್ಕಿ, "ಯಾರ ಪೈಕಿ ನೀ?" ಎಂದರು.

ಕೇಳಿದ ಮೇಲೆ ಅವರಿಗೇ ತಾವು ಕೇಳಿದ್ದೇನೆಂದು ಅರಿವಾಯಿತು. ವಿಶ್ವಾಸ ಕೆಮ್ಮುವ ನೆಪದಲ್ಲಿ ಮುಖ ತಿರುಗಿಸಿದ. ಕಾಕಾಸಾಹೇಬರು ಧೋತರದ ಅಂಚನ್ನು ಸರಿಪಡಿಸಿಕೊಂಡು, ದನಿ ತಗ್ಗಿಸಿ ಹೇಳಿದರು: "ವಿರುಪಾಕ್ಷಪ್ಪನ ಅಳಿಯ ಅಂದಿದ್ರ ನಾ ನಂಬರ್ ಅಷ್ಟ ಅಲ್ಲ, ಚಹಾನೂ ಕಳಸ್ತಿದ್ದೆ. ಕುಂದ್ರ, ಕುಂದ್ರ ತಂಗಿ. ಶೇವಂತಾಬಾಯಿ, ಮುಂದ ಹೆಂಗ ಮಾಡೂದು ಹೇಳ."

"ಫೋನ್ ಇಡೂದ್ರಿ. ನಮ್ಮ ಪುಸ್ತಕದಾಗ ಇದ್ದ ನಂಬರಿಗೆ ನಾವ ತಿರಿಗಿ ಹಚ್ಚೂದು. ಪಾವಣೇರಾದ್ರ ಬೇಜಾರಾಗಂಗಿಲ್ಲ. ಕಳ್ಳ ಆದ್ರ ಎತ್ತಂಗಿಲ್ಲ."

ಎರಡು ಸಾವಿರದ ಹತ್ತೊಂಬತ್ತರಲ್ಲಿ ಮಾವಶಿ ನಿವೃತ್ತಳಾದಳು. ಬೀಳ್ಕೊಡುಗೆಯ ದಿನ ಮಾತಾಡಲು ನಿಂತ ಕಾಕಾಸಾಹೇಬರು ಶಾಲು ಹಿಡಿದು ಸ್ವಲ್ಪ ಹೊತ್ತು ತಡಕಾಡಿದರು. ಡಾಕ್ಟರರಿಗಾದರೆ ಎಷ್ಟು ಜೀವ ಉಳಿಸಿದರೆಂದು ಹೇಳಬಹುದು. ಈಕೆಯ ಬಗ್ಗೆ ಏನು ಹೇಳುವುದು? ಕೊನೆಗೆ, "ಈಕಿ ಇದ್ದಷ್ಟ ದಿವಸ ನಮ್ಮ ದವಾಖಾನ್ಯಾಗ ಏನೂ ಆಗಲಿಲ್ಲ," ಎಂದು ಕುಳಿತುಬಿಟ್ಟರು. ಕೆಲವರು ನಕ್ಕರು. ಮಾವಶಿ ನಗಲಿಲ್ಲ, ಅದು ತನಗೆ ಸಲ್ಲಬೇಕಾದ ಮಾತೇ ಎಂಬಂತೆ ತಲೆ ಬಾಗಿಸಿದಳು. ಡ್ರಮ್ಮಿನ ಕೀಲಿಯನ್ನು ರೂಪಾಲಿಯ ಕೈಗಿಟ್ಟಳು. ರೂಪಾಲಿ ಆ ಹೊತ್ತಿಗೆ ಅಣಕಿಸುವುದನ್ನು ಬಿಟ್ಟು ಎರಡು ವರ್ಷವಾಗಿತ್ತು.

ಲೋಕದಲ್ಲಿ ಆದದ್ದಕ್ಕೆ ಕೀರ್ತಿಯಿದೆ. ಆಗದೆ ಹೋದದ್ದಕ್ಕೆ ಹೆಸರಿಲ್ಲ. ಕೆರೆಯ ತೂಬು ಕಾಯುವವನು, ಬಿತ್ತನೆಯ ಕಾಳನ್ನು ಬೂದಿ ಬೆರೆಸಿ ಎತ್ತಿಡುವವಳು, ಹೊಲಿಗೆಗೆ ಮುನ್ನ ಬಟ್ಟೆ ಎಣಿಸುವವಳು ಇವರೆಲ್ಲ ಒಂದೇ ಕುಲದವರು. ಇವರ ಆಯುಷ್ಯದ ಫಲವೆಂದರೆ ಏನೂ ಆಗದ ಒಂದು ಸಾಮಾನ್ಯ ಮಂಗಳವಾರ. ಇವರು ಯಾರನ್ನೂ ನಂಬದವರೆಂದು ನಾವು ತಿಳಿಯುತ್ತೇವೆ, ಅದು ನಮ್ಮ ತಪ್ಪು. ಮನುಷ್ಯನ ಕೈ ಜಾರುತ್ತದೆಂಬುದನ್ನು ಒಪ್ಪಿಕೊಂಡು, ಜಾರಿದ ಕೈಯವನು ಬಂದು ಹೇಳುವಷ್ಟು ಜಾಗವನ್ನು ತನ್ನ ಪಕ್ಕದಲ್ಲಿ ಖಾಲಿ ಇಟ್ಟುಕೊಳ್ಳುವವರು ಇವರು. ಕೀಲಿ ಜಡಿಯುವುದು ಎಲ್ಲರಿಗೂ ಬರುತ್ತದೆ. ಆ ಜಾಗವನ್ನು ಕಾಯುವುದು ಕೆಲವರಿಗೆ ಮಾತ್ರ.